ಬಡಿಸಿದ್ದನ್ನು ಉಣ್ಣಲು ಸಿದ್ಧರಾಗಿ



ಪವಿತ್ರ ನಾಡಿನ ಯಾತ್ರೆಗೆ ಹೊರಡುವವರು ಪಾಸ್‌ಪೋರ್ಟ್, ವೀಸಾ, ಹಣ, ಮಾತ್ರೆ, ಸ್ವೆಟರ್ ಎಂದು ದೊಡ್ಡ ಪಟ್ಟಿಯನ್ನೇ ಮಾಡಿಕೊಳ್ಳುತ್ತಾರೆ. ಪಟ್ಟಿ ಮುಗಿದ ಮೇಲೆ ಬಹಳ ಮಂದಿ ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: "ಫಾದರ್, ಅಲ್ಲಿ ಅನ್ನ ಸಿಗುತ್ತದೆಯೇ?"

ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಅರವತ್ತು ವರ್ಷ ಮುದ್ದೆ ಸಾರು, ಜೋಳದ ರೊಟ್ಟಿ ಅಥವಾ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ದೇಹಕ್ಕೆ ಹತ್ತು ದಿನ ಬೇರೆ ಊಟ ಎಂದರೆ ಅಳುಕು ಸಹಜ. ಜೀವಮಾನದಲ್ಲಿ ಒಮ್ಮೆ ಎಂದು ಕೂಡಿಟ್ಟ ಹಣದಲ್ಲಿ ಹೋಗುವವರೇ ಹೆಚ್ಚು. ಅಂಥವರು ಊಟ ಹಿಡಿಸದೆ ಸೊರಗಿ, ಕಲ್ವಾರಿಯ ಮೆಟ್ಟಿಲು ಹತ್ತುವ ದಿನ ಹೋಟೆಲಿನಲ್ಲಿ ಮಲಗಬೇಕಾಗಿ ಬಂದರೆ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ಊಟದ ಸಿದ್ಧತೆಯೂ ಯಾತ್ರೆಯ ಸಿದ್ಧತೆಯೇ. ಅದು ದೇಹಕ್ಕೆ ಎಷ್ಟು ಬೇಕೋ ಆತ್ಮಕ್ಕೂ ಅಷ್ಟೇ ಬೇಕು. ಈ ವಾರ ಅದನ್ನು ಕುರಿತು ಚಿಂತಿಸೋಣ.

ಮರುಭೂಮಿಯ ಗೊಣಗಾಟ

ಹೊಸ ಊಟದ ಸಮಸ್ಯೆ ನಮ್ಮಿಂದ ಶುರುವಾದದ್ದಲ್ಲ. ಇಸ್ರಯೇಲರು ಮರುಭೂಮಿಯಲ್ಲಿ ನೆಲದ ಮೇಲೆ ಹರಡಿದ್ದ ಆಹಾರವನ್ನು ಕಂಡಾಗ ಅವರ ಬಾಯಿಂದ ಬಂದ ಮೊದಲ ಮಾತೇ "ಇದೇನಿದು?" ಎಂಬರ್ಥದ್ದು (ವಿಮೋಚನಾಕಾಂಡ 16:15). 'ಮನ್ನ' ಎಂಬ ಹೆಸರು ಹುಟ್ಟಿದ್ದೂ ಆ ಪ್ರಶ್ನೆಯಿಂದಲೇ. ಅಪರಿಚಿತ ತಟ್ಟೆಯ ಮುಂದೆ ಕುಳಿತ ಪ್ರತಿಯೊಬ್ಬ ಪ್ರಯಾಣಿಕನ ಪ್ರಶ್ನೆಯೂ ಅದೇ ಅಲ್ಲವೇ?

ಕೇಳಿದ್ದು ತಪ್ಪಲ್ಲ. ತಪ್ಪು ನಡೆದದ್ದು ಆಮೇಲೆ. ಸಂಖ್ಯಾಕಾಂಡದ 11ನೆಯ ಅಧ್ಯಾಯವನ್ನು ಓದಿ ನೋಡಿ. ಮನ್ನ ಸಾಕಾಯಿತು ಎಂದು ಜನ ಅತ್ತರು. ಈಜಿಪ್ಟಿನ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿಯನ್ನು ನೆನೆದು ಬಾಯಲ್ಲಿ ನೀರೂರಿಸಿಕೊಂಡರು. ಅಲ್ಲಿ ಎಲ್ಲವೂ ಬಿಟ್ಟಿಯಾಗಿ ಸಿಗುತ್ತಿತ್ತಂತೆ! ಇಟ್ಟಿಗೆ ಮಾಡಿದ ದಾಸ್ಯ, ಬೆನ್ನಿಗೆ ಬಿದ್ದ ಚಾಟಿ, ನದಿಗೆ ಎಸೆಯಲಾದ ಮಕ್ಕಳು, ಇವು ಯಾವುವೂ ನೆನಪಿಗೆ ಬರಲಿಲ್ಲ. ಸೌತೆಕಾಯಿ ಮಾತ್ರ ನೆನಪಾಯಿತು. ನಾಲಿಗೆಯ ನೆನಪಿಗೆ ಇರುವ ಶಕ್ತಿ ಇಂಥದು. ಅದು ಹಿಂದಿನದನ್ನು ಸಿಹಿಯಾಗಿಸಿ, ಕಣ್ಣೆದುರು ದೇವರು ಕೊಟ್ಟದ್ದನ್ನು ಸಪ್ಪೆಯಾಗಿಸುತ್ತದೆ. ಗಲಿಲೇಯ ಸರೋವರದ ದಡದಲ್ಲಿ ಕುಳಿತು ಊರಿನ ಸಾರನ್ನೇ ನೆನೆಯುತ್ತಿರುವ ಯಾತ್ರಿಕ ಸರೋವರವನ್ನು ನೋಡುವುದು ಯಾವಾಗ?

ಯೇಸುಸ್ವಾಮಿ ಕೊಟ್ಟ ಅಪ್ಪಣೆ

ಯೇಸು ತಮ್ಮ ಎಪ್ಪತ್ತೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸಿದಾಗ ಊಟದ ವಿಷಯವಾಗಿಯೇ ಸ್ಪಷ್ಟ ಸೂಚನೆ ಕೊಟ್ಟರು. ಯಾವ ಊರಿನವರು ನಿಮ್ಮನ್ನು ಸ್ವಾಗತಿಸುತ್ತಾರೋ ಅಲ್ಲಿ ನಿಮ್ಮ ಮುಂದೆ ಇಟ್ಟದ್ದನ್ನು ಊಟಮಾಡಬೇಕು, ಅಲ್ಲಿನ ರೋಗಿಗಳನ್ನು ಗುಣಪಡಿಸಬೇಕು, ದೇವರ ಸಾಮ್ರಾಜ್ಯ ಸಮೀಪಿಸಿದೆಯೆಂದು ಸಾರಬೇಕು (ಲೂಕ 10:8-9). ಇಲ್ಲಿನ ಕ್ರಮವನ್ನು ಗಮನಿಸಿ. ಮೊದಲು ಊಟ, ಆಮೇಲೆ ಸೇವೆ, ಕೊನೆಗೆ ಬೋಧನೆ. ಕೊಡುವ ಮುಂಚೆ ಪಡೆಯಲು ಕಲಿಯಬೇಕು. ಒಬ್ಬರ ಕೈಯಡುಗೆಯನ್ನು ಸ್ವೀಕರಿಸಿದವನು ಅವರನ್ನೇ ಸ್ವೀಕರಿಸಿದಂತೆ.

ಈ ಪಾಠ ಸಂತ ಪೇತ್ರರಿಗೂ ಸುಲಭವಾಗಿ ಬರಲಿಲ್ಲ. ಅವರು ಯೊಪ್ಪದ ಮಾಳಿಗೆಯ ಮೇಲೆ ಹಸಿದು ಪ್ರಾರ್ಥಿಸುತ್ತಿದ್ದಾಗ, ಯೆಹೂದ್ಯರು ಮುಟ್ಟದ ಪ್ರಾಣಿಗಳು ತುಂಬಿದ ಜೋಳಿಗೆಯೊಂದು ಆಕಾಶದಿಂದ ಇಳಿಯಿತು. ತಿನ್ನು ಎಂದು ವಾಣಿಯಾದರೆ ಒಲ್ಲೆ ಎಂದರು. ಹೀಗೆ ಮೂರು ಬಾರಿ ನಡೆಯಿತು (ಪ್ರೇಷಿತರ ಕಾರ್ಯಕಲಾಪಗಳು 10:9-16). ಅದರ ಅರ್ಥ ತಿಳಿದದ್ದು ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಯಲ್ಲಿ. ದೇವರು ಯಾರನ್ನೂ ಹೊಲೆಯೆಂದು ದೂರ ಇಟ್ಟಿಲ್ಲ ಎಂಬುದೇ ಆ ದರ್ಶನದ ತಿರುಳು. ಅದೇ ಪೇತ್ರರು ಮುಂದೆ ಅಂತಿಯೋಕ್ಯದಲ್ಲಿ ಕೆಲವರ ಮಾತಿಗೆ ಅಂಜಿ ಅನ್ಯಧರ್ಮದಿಂದ ಬಂದವರ ಪಂಕ್ತಿಯಿಂದ ಹಿಂದೆ ಸರಿದಾಗ ಸಂತ ಪೌಲರು ಅವರನ್ನು ಎಲ್ಲರೆದುರಿಗೆ ಖಂಡಿಸಿದರು (ಗಲಾತ್ಯ 2:11-14). ಪಂಕ್ತಿಭೇದದ ನೋವು ನಮ್ಮ ನಾಡಿನವರಿಗೆ ಹೊಸದಲ್ಲ. ಯಾರ ಜೊತೆ ಕುಳಿತು ಉಣ್ಣುತ್ತೇವೆ ಎಂಬುದು ವಿಶ್ವಾಸದ ಪ್ರಶ್ನೆಯೂ ಹೌದು.

ಸಂತ ಮೋನಿಕಾರ ಬುಟ್ಟಿ

ಧರ್ಮಸಭೆಯ ಇತಿಹಾಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಸಂತ ಅಗಸ್ಟೀನರ ತಾಯಿ ಸಂತ ಮೋನಿಕಾ ಉತ್ತರ ಆಫ್ರಿಕದವರು. ಕ್ರಿ.ಶ. 385ರಲ್ಲಿ ಮಗನನ್ನು ಹುಡುಕಿಕೊಂಡು ಸಮುದ್ರ ದಾಟಿ ಇಟಲಿಯ ಮಿಲಾನ್ ನಗರಕ್ಕೆ ಬಂದರು. ತಮ್ಮ ಊರಿನ ವಾಡಿಕೆಯಂತೆ ಹಿಟ್ಟಿನ ಗಂಜಿ, ರೊಟ್ಟಿ, ದ್ರಾಕ್ಷಾರಸವನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ರಕ್ತಸಾಕ್ಷಿಗಳ ಸಮಾಧಿಗೆ ಹೋದರು. ಬಾಗಿಲು ಕಾಯುವವನು ತಡೆದ. ಇಲ್ಲಿ ಧರ್ಮಾಧ್ಯಕ್ಷರಾದ ಅಂಬ್ರೋಸರು ಈ ಪದ್ಧತಿಯನ್ನು ನಿಷೇಧಿಸಿದ್ದಾರೆ ಎಂದ. ಮೋನಿಕಾ ವಾದ ಮಾಡಲಿಲ್ಲ. ಅಂದಿನಿಂದ ಆ ಬುಟ್ಟಿಯನ್ನು ಬಿಟ್ಟರು. ಅದಕ್ಕೆ ಖರ್ಚಾಗುತ್ತಿದ್ದುದು ಬಡವರ ಪಾಲಾಯಿತು.

ಅವರಿಗೆ ಇನ್ನೊಂದು ಗೊಂದಲವೂ ಇತ್ತು. ಶನಿವಾರ ಉಪವಾಸ ಮಾಡುವ ಊರುಗಳೂ ಇದ್ದವು, ಮಾಡದ ಊರುಗಳೂ ಇದ್ದವು. ಮಿಲಾನ್‌ನಲ್ಲಿ ಆ ವಾಡಿಕೆ ಇರಲಿಲ್ಲ. ತಾಯಿಯ ಪರವಾಗಿ ಅಗಸ್ಟೀನರು ಅಂಬ್ರೋಸರನ್ನೇ ಕೇಳಿದರು. ಅಂಬ್ರೋಸರ ಉತ್ತರದ ಸಾರ ಇಷ್ಟು: ತಾವು ರೋಮಿನಲ್ಲಿದ್ದಾಗ ಶನಿವಾರ ಉಪವಾಸ ಮಾಡುತ್ತಾರೆ, ಮಿಲಾನ್‌ನಲ್ಲಿದ್ದಾಗ ಮಾಡುವುದಿಲ್ಲ, ನೀವೂ ಹೋದ ಊರಿನ ಸಭೆಯ ಪದ್ಧತಿಯಂತೆ ನಡೆಯಿರಿ. ಜನುಆರಿಯುಸ್ ಎಂಬಾತನಿಗೆ ಬರೆದ ಪತ್ರದಲ್ಲಿ ಅಗಸ್ಟೀನರು ಇದನ್ನು ದಾಖಲಿಸಿದ್ದಾರೆ. ವಿಶ್ವಾಸದ ಮೂಲ ವಿಷಯಗಳಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಊಟ ಉಪವಾಸಗಳ ವಾಡಿಕೆಯಲ್ಲಿ ಬಾಗಲು ಗೊತ್ತಿರಬೇಕು.

ಮೂರು ಬಗೆಯ 'ಬೇಡ'

ಹಾಗಾದರೆ ಇಟ್ಟದ್ದನ್ನೆಲ್ಲ ಕಣ್ಣುಮುಚ್ಚಿ ತಿನ್ನಬೇಕೇ? ಇಲ್ಲ. ನಾವು 'ಬೇಡ' ಎನ್ನುವುದರಲ್ಲಿ ಮೂರು ಬಗೆಗಳಿವೆ. ಅವುಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಆರೋಗ್ಯದ 'ಬೇಡ'. ಎಳ್ಳಿನ ಅಲರ್ಜಿ ಇರುವವರು, ಸಕ್ಕರೆ ಕಾಯಿಲೆಯವರು, ಉಪ್ಪು ಬಿಡಬೇಕಾದವರು ಸಂಕೋಚವಿಲ್ಲದೆ ಹೇಳಬೇಕು. ದೇಹ ದೇವರ ಆಲಯ. ಅದನ್ನು ಕಾಪಾಡುವುದು ಕರ್ತವ್ಯ.

ಎರಡನೆಯದು ಮನಸ್ಸಾಕ್ಷಿಯ 'ಬೇಡ'. ಹರಕೆಯಿಂದ ಮಾಂಸ ಬಿಟ್ಟವರಿರಬಹುದು, ಮದ್ಯ ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿದವರಿರಬಹುದು. ದಾನಿಯೇಲನು ಅರಸನ ಭೋಜನವನ್ನು ಬಿಟ್ಟು ಕಾಯಿಪಲ್ಯ ಕೇಳಿದ (ದಾನಿಯೇಲ 1:8-16). ಆದರೆ ಕೇಳಿದ್ದು ವಿನಯದಿಂದ, ಮುಂಚಿತವಾಗಿ, ಹತ್ತು ದಿನ ಪರೀಕ್ಷಿಸಿ ನೋಡಿ ಎಂದು. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಎಂಬುದು ಸಂತ ಪೌಲರ ಬೋಧನೆ (ರೋಮ 14:3). ಒಂದೇ ಬಸ್ಸಿನಲ್ಲಿ ಹೋಗುವ ತಂಡದವರು ಇದನ್ನು ನೆನಪಿಡಬೇಕು.

ಮೂರನೆಯದು ರುಚಿಯ 'ಬೇಡ'. "ನನಗೆ ಅಭ್ಯಾಸವಿಲ್ಲ," "ನೋಡಿದರೇ ಒಂಥರಾ ಆಗುತ್ತದೆ," "ಖಾರವೇ ಇಲ್ಲ." ನಮ್ಮ 'ಬೇಡ'ಗಳಲ್ಲಿ ಹೆಚ್ಚಿನವು ಈ ಗುಂಪಿನವು, ಆದರೆ ಅವು ಮೊದಲೆರಡರ ವೇಷ ತೊಟ್ಟು ಬರುತ್ತವೆ. ಹೊಟ್ಟೆಬಾಕತನವೆಂದರೆ ಅತಿಯಾಗಿ ತಿನ್ನುವುದು ಮಾತ್ರ ಎಂದು ನಾವು ತಿಳಿದಿದ್ದೇವೆ. ಮಹಾ ಸಂತ ಗ್ರೆಗೊರಿಯವರು ಅದರಲ್ಲಿ ಐದು ಬಗೆಗಳನ್ನು ಎಣಿಸಿದರು, ಸಂತ ಥಾಮಸ್ ಅಕ್ವಿನಾಸರು ಅದನ್ನು ವಿವರಿಸಿದರು. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಮಿತಿಮೀರಿ ತಿನ್ನುವುದು, ಆತುರದಿಂದ ಕಬಳಿಸುವುದು, ಮತ್ತು ಅಡುಗೆ ಹೀಗೆಯೇ ಇರಬೇಕೆಂದು ಹಟ ಹಿಡಿಯುವುದು. ಈ ಕಡೆಯದನ್ನು ಗಮನಿಸಿ. ಕಡಿಮೆ ತಿಂದೂ ನಾಲಿಗೆಯ ದಾಸರಾಗಿರಲು ಸಾಧ್ಯ!

ಅಲ್ಲಿ ಏನು ಬಡಿಸುತ್ತಾರೆ?

ಭಯಕ್ಕೆ ಒಳ್ಳೆಯ ಮದ್ದು ತಿಳಿವಳಿಕೆ. ನಮ್ಮ ಕಡೆಯ ಯಾತ್ರಾ ತಂಡಗಳು ಹೆಚ್ಚಾಗಿ ಜೋರ್ಡಾನ್, ಇಸ್ರೇಲ್ ಮತ್ತು ಪ್ಯಾಲೆಸ್ತೀನ್, ಈಜಿಪ್ಟ್ ಎಂದು ಒಟ್ಟಿಗೆ ಸುತ್ತಿ ಬರುತ್ತವೆ. ಅಲ್ಲಿನ ಊಟ ನೀವು ಅಂದುಕೊಂಡಷ್ಟು ದೂರದ್ದಲ್ಲ.

ಮೇಜಿನ ಮೇಲೆ ಮೊದಲು ಬರುವುದು ಪೀಟಾ ಎಂಬ ಮೆತ್ತನೆಯ ಗೋಧಿ ರೊಟ್ಟಿ ಮತ್ತು ಹುಮ್ಮುಸ್. ಬೇಯಿಸಿದ ಕಾಬೂಲ್ ಕಡಲೆಯನ್ನು ಎಳ್ಳಿನ ಮುದ್ದೆ, ನಿಂಬೆರಸ, ಬೆಳ್ಳುಳ್ಳಿಯೊಡನೆ ನುಣ್ಣಗೆ ಅರೆದರೆ ಹುಮ್ಮುಸ್. ರೊಟ್ಟಿಯನ್ನು ಮುರಿದು ಚಟ್ನಿಯಂತೆ ಅದ್ದಿ ತಿನ್ನುವುದು. ಫಲಾಫೆಲ್ ನಮ್ಮ ಮಸಾಲೆ ವಡೆಯ ಹತ್ತಿರದ ನೆಂಟ. ಲಬ್ನೆ ಎಂದರೆ ನೀರು ಬಸಿದ ಗಟ್ಟಿ ಮೊಸರು. ಝಾತರ್ ಎಂಬುದು ಒಣಗಿದ ಸುವಾಸನೆಯ ಸೊಪ್ಪು ಮತ್ತು ಎಳ್ಳಿನ ಪುಡಿ. ಅದನ್ನು ಆಲಿವ್ ಎಣ್ಣೆಯೊಡನೆ ತಿನ್ನುತ್ತಾರೆ, ನಾವು ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳುವಂತೆ. ಬೆಳಗಿನ ತಿಂಡಿಗೇ ಹಸಿ ಸೌತೆಕಾಯಿ, ಟೊಮ್ಯಾಟೊ, ಉಪ್ಪಿನ ಆಲಿವ್ ಕಾಯಿ, ಚೀಸ್ ಇರುತ್ತವೆ. ಬಿಸಿ ಇಡ್ಲಿ ದೋಸೆಯ ನಮಗೆ ಈ ತಣ್ಣನೆಯ ತಿಂಡಿಯೇ ದೊಡ್ಡ ಬದಲಾವಣೆ.

ಅನ್ನವೂ ಇದೆ. ಮಕ್ಲೂಬೆ ಎಂದರೆ ಮಾಂಸ, ತರಕಾರಿ, ಅಕ್ಕಿ ಒಟ್ಟಿಗೆ ಬೇಯಿಸಿ ಪಾತ್ರೆಯನ್ನು ತಟ್ಟೆಯ ಮೇಲೆ ಮಗುಚಿ ಬಡಿಸುವ ಅಡುಗೆ. ಮುಜದ್ದರ ಎಂಬುದು ಬೇಳೆ ಅನ್ನಕ್ಕೆ ಹುರಿದ ಈರುಳ್ಳಿ ಹಾಕಿದ್ದು. ಏಸಾವನು ತನ್ನ ಜ್ಯೇಷ್ಠತನವನ್ನು ಮಾರಿದ್ದೂ ಬೇಳೆಯ ಅಡುಗೆಗೇ (ಆದಿಕಾಂಡ 25:34). ಫ್ರೀಕೆ ಎಂಬ ಸುಟ್ಟ ಹಸಿ ಗೋಧಿಯನ್ನು ಕಂಡರೆ ಉತ್ತರ ಕರ್ನಾಟಕದವರಿಗೆ ಸೀತನಿ ನೆನಪಾದೀತು. ಬೋವಜನು ಹೊಲದಲ್ಲಿ ರೂತಳಿಗೆ ಕೊಟ್ಟದ್ದು ಹುರಿದ ಧಾನ್ಯವೇ, ಪರದೇಶದಿಂದ ಬಂದ ಆ ಸೊಸೆ ತೃಪ್ತಿಯಾಗಿ ಉಂಡಳು (ರೂತ್ 2:14).

ಗಲಿಲೇಯದಲ್ಲಿ ಯಾತ್ರಿಕರಿಗೆ 'ಸಂತ ಪೇತ್ರರ ಮೀನು' ಬಡಿಸುತ್ತಾರೆ. ಅದು ತಿಲಾಪಿಯಾ ಜಾತಿಯದು. ತಲೆಸಮೇತ ಇಡೀ ಮೀನು, ಮಸಾಲೆಯಿಲ್ಲದೆ ಕರಿದದ್ದು, ಪಕ್ಕಕ್ಕೆ ನಿಂಬೆಹಣ್ಣು. ಕರಾವಳಿಯವರಿಗೆ ಮೀನು ಹೊಸದಲ್ಲ, ಮಸಾಲೆ ಇಲ್ಲದಿರುವುದು ಹೊಸದು. ಪುನರುತ್ಥಾನಿ ಯೇಸು ಅದೇ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದರು ಎಂಬುದನ್ನು ನೆನೆಯುತ್ತಾ ಮುಳ್ಳು ಬಿಡಿಸಿ.

ಯೆಹೂದ್ಯ ಹೋಟೆಲುಗಳಲ್ಲಿ 'ಕೋಷರ್' ನಿಯಮವಿದೆ. ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆಜ್ಞೆಯ (ವಿಮೋಚನಾಕಾಂಡ 23:19) ಆಧಾರದ ಮೇಲೆ ಮಾಂಸದ ಊಟದ ಜೊತೆ ಹಾಲು, ಬೆಣ್ಣೆ, ಮೊಸರು ಇಡುವುದಿಲ್ಲ. ರಾತ್ರಿ ಊಟದ ನಂತರ ಚಹಾಕ್ಕೆ ಹಾಲು ಕೊಡಲಿಲ್ಲವೆಂದು ಬಡಿಸುವವರ ಮೇಲೆ ರೇಗಬೇಡಿ, ಅದು ಜಿಪುಣತನವಲ್ಲ. ಹಂದಿಮಾಂಸ, ಸಿಗಡಿ, ಏಡಿಯೂ ಅಲ್ಲಿರುವುದಿಲ್ಲ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಹೊಸದಾಗಿ ಅಡುಗೆ ಮಾಡುವುದಿಲ್ಲ. ಶನಿವಾರ ಬೆಳಿಗ್ಗೆ ಬಿಸಿ ಆಮ್ಲೆಟ್, ಯಂತ್ರದ ಕಾಫಿ ಇರದಿರಬಹುದು. ಈಸ್ಟರ್ ಸಮಯದಲ್ಲಿ ಹೋದರೆ ಪಾಸ್ಕ ಹಬ್ಬವೂ ಅದೇ ದಿನಗಳಲ್ಲಿ ಬರಬಹುದು. ಆಗ ಹುಳಿ ರೊಟ್ಟಿಯ ಬದಲು ಮತ್ಸಾ ಎಂಬ ಗರಿಗರಿಯಾದ ಹುಳಿಯಿಲ್ಲದ ರೊಟ್ಟಿ. ನಮ್ಮ ಬಲಿಪೂಜೆಯ ರೊಟ್ಟಿಯೂ ಹುಳಿಯಿಲ್ಲದ ಗೋಧಿ ರೊಟ್ಟಿಯೇ ಎಂಬುದನ್ನು ಮರೆಯಬೇಡಿ. ಸೋಮವಾರ, ಶನಿವಾರ ಮಾಂಸ ಬೇಯಿಸದ ಮನೆಗಳ ನೆರೆಯಲ್ಲಿ ಬಾಳಿದ ನಮಗೆ ಇನ್ನೊಬ್ಬರ ಅಡುಗೆಮನೆಯ ನಿಯಮವನ್ನು ಗೌರವಿಸುವುದು ಕಷ್ಟವೇ?

ಜೋರ್ಡಾನ್‌ನಲ್ಲಿ ಅತಿಥಿಗೆ ಮಾಡುವ ದೊಡ್ಡ ಅಡುಗೆ ಮನ್ಸಫ್. ಒಣಗಿಸಿಟ್ಟ ಗಟ್ಟಿ ಮೊಸರನ್ನು ನೀರಿನಲ್ಲಿ ಕದಡಿ ಅದರಲ್ಲಿ ಕುರಿಮಾಂಸ ಬೇಯಿಸಿ, ತೆಳುವಾದ ರೊಟ್ಟಿ ಮತ್ತು ಅನ್ನದ ಮೇಲೆ ಸುರಿಯುತ್ತಾರೆ. ಮಜ್ಜಿಗೆ ಹುಳಿಗೆ ಮಾಂಸ ಹಾಕಿದಂತೆ ಎನ್ನಿ. 2022ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಸಾಂಪ್ರದಾಯಿಕವಾಗಿ ಬಲಗೈಯಿಂದ ಉಂಡೆ ಕಟ್ಟಿ ತಿನ್ನುತ್ತಾರೆ. ಕೈಯಲ್ಲಿ ಉಣ್ಣುವ ನಮಗೆ ಇದು ಸಂತೋಷವೇ. ಏಲಕ್ಕಿ ಹಾಕಿದ ಸಕ್ಕರೆಯಿಲ್ಲದ ಕಾಫಿಯನ್ನು ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ. ಸಾಕು ಎನ್ನಲು ಬಟ್ಟಲನ್ನು ಸ್ವಲ್ಪ ಅಲುಗಾಡಿಸಬೇಕು, ಇಲ್ಲವಾದರೆ ಮತ್ತೆ ಸುರಿಯುತ್ತಾರೆ. ರಂಜಾನ್ ತಿಂಗಳಲ್ಲಿ ಅಲ್ಲಿ ಹಗಲು ಹೊತ್ತು ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಕಾನೂನಿಗೂ ವಿರುದ್ಧ.

ಈಜಿಪ್ಟಿನಲ್ಲಿ ಕೊಶರಿ ಎಂಬ ಊಟದಲ್ಲಿ ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಟೊಮ್ಯಾಟೊ ಸಾರು, ಹುರಿದ ಈರುಳ್ಳಿ ಎಲ್ಲ ಒಟ್ಟಿಗೆ. ಸಸ್ಯಾಹಾರಿಗಳಿಗೆ ಒಳ್ಳೆಯದು. ಮುಲುಖಿಯಾ ಬಸಳೆಯಂತೆ ಲೋಳೆಯಾದ ಸೊಪ್ಪಿನ ಸಾರು. ಫೂಲ್ ಎಂಬುದು ಅವರೆಗಿಂತ ದಪ್ಪನಾದ ಫಾವಾ ಕಾಳನ್ನು ಮೆತ್ತಗೆ ಬೇಯಿಸಿದ್ದು. ಒಂದು ಎಚ್ಚರಿಕೆ: 'ಜಿ6ಪಿಡಿ' ಕೊರತೆ ಇದೆಯೆಂದು ವೈದ್ಯರು ಹೇಳಿರುವವರು ಈ ಕಾಳನ್ನು ಮುಟ್ಟಬಾರದು, ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಈಜಿಪ್ಟಿನ ಫಲಾಫೆಲ್ ಕೂಡ ಇದೇ ಕಾಳಿನದು. ಅಲ್ಲಿನ ಕೊಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಆಚರಿಸುತ್ತಾರೆ. ನಮ್ಮ ತಪಸ್ಸುಕಾಲದ ನಲವತ್ತು ದಿನಗಳನ್ನೇ ಭಾರವೆನ್ನುವವರು ಅವರ ಮುಂದೆ ತಲೆಬಾಗಬೇಕು.

ಮನೆಯಲ್ಲೇ ಅಭ್ಯಾಸ

1. ಹೊರಡುವ ಎರಡು ತಿಂಗಳ ಮುಂಚಿನಿಂದ ವಾರಕ್ಕೊಂದು ರಾತ್ರಿ 'ಯಾತ್ರೆಯ ಊಟ' ಮಾಡಿ. ಕಡಲೆ ಅರೆದು ಹುಮ್ಮುಸ್ ಮಾಡುವುದು ಕಷ್ಟವಲ್ಲ. ಮನೆಯವರೆಲ್ಲ ಒಟ್ಟಿಗೆ ಕುಳಿತು, ಸಂಬಂಧಪಟ್ಟ ಬೈಬಲ್ ಭಾಗವನ್ನು ಓದಿ ಉಣ್ಣಿ. ಮನೆಯಲ್ಲೇ ಉಳಿಯುವವರೂ ಹೀಗೆ ಯಾತ್ರೆಯಲ್ಲಿ ಪಾಲುಗೊಳ್ಳುತ್ತಾರೆ.

2. ಖಾರ ಮತ್ತು ಉಪ್ಪನ್ನು ನಿಧಾನವಾಗಿ ಕಡಿಮೆ ಮಾಡಿ. ಹಾಲಿಲ್ಲದ ಚಹಾ ಕುಡಿದು ನೋಡಿ.

3. ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಊಟ ಹಿಡಿಸಲಿಲ್ಲವೆಂದು ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಗ್ಲೂಕೋಸ್, ಬಿಸ್ಕತ್ತು ಜೇಬಿನಲ್ಲಿರಲಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ವೃದ್ಧರಿಗೂ ರೋಗಿಗಳಿಗೂ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ (ಧರ್ಮಸಭೆಯ ಕಾನೂನು 919). ಮುಂಜಾನೆಯ ಪೂಜೆಗೆಂದು ಹಸಿದು ತಲೆಸುತ್ತಿ ಬೀಳಬೇಕಿಲ್ಲ.

4. ಆರೋಗ್ಯ ಮತ್ತು ಮನಸ್ಸಾಕ್ಷಿಯ 'ಬೇಡ'ಗಳನ್ನು ಟಿಕೆಟ್ ಮಾಡುವಾಗಲೇ ತಂಡದ ಮುಖ್ಯಸ್ಥರಿಗೆ ಬರೆದುಕೊಡಿ. ವಿಮಾನದ ಊಟಕ್ಕೂ ಮುಂಚೆಯೇ ಹೇಳಬೇಕು.

5. ಬುತ್ತಿ ಕಟ್ಟುವುದು ತಪ್ಪಲ್ಲ. ತೋಬಿಯಾಸನೂ ದಾರಿಯಲ್ಲಿ ಮೀನನ್ನು ಸುಟ್ಟು ತಿಂದು ಉಳಿದದ್ದಕ್ಕೆ ಉಪ್ಪು ಹಾಕಿಟ್ಟುಕೊಂಡ. ಸ್ವಲ್ಪ ಅವಲಕ್ಕಿ, ಚಟ್ನಿಪುಡಿ ಇರಲಿ. ಆದರೆ ಮಾಂಸ, ಹಾಲಿನ ಪದಾರ್ಥ, ಹಸಿ ಹಣ್ಣು, ಬೀಜಗಳನ್ನು ಅನೇಕ ದೇಶಗಳು ಒಳಗೆ ಬಿಡುವುದಿಲ್ಲ. ಗಸಗಸೆಯನ್ನಂತೂ ಒಯ್ಯಲೇಬೇಡಿ. ನಮ್ಮ ವಿಮಾನಗಳು ಬಹುತೇಕ ಕೊಲ್ಲಿ ದೇಶಗಳ ಮೂಲಕ ಹೋಗುತ್ತವೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ವಸ್ತು. ಮಸಾಲೆಪುಡಿಯಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.

6. ಹೊಸ ತಟ್ಟೆ ಬಂದಾಗ ಮೊದಲು ಶಿಲುಬೆಯ ಗುರುತು, ಆಮೇಲೆ ಒಂದು ತುತ್ತು, ಆಮೇಲೆ ಅಭಿಪ್ರಾಯ. ಮುಖ ಸಿಂಡರಿಸುವುದನ್ನು ಬಡಿಸುವವರು ನೋಡುತ್ತಾರೆ. ಭಾಷೆ ಬಾರದಿದ್ದರೂ ಮುಖ ಎಲ್ಲರಿಗೂ ಅರ್ಥವಾಗುತ್ತದೆ.

ಬಡಿಸುವವರ ಪಾಲು

ಕೊನೆಯದಾಗಿ, ಮೇಜಿನ ಆಚೆ ನಿಂತವರನ್ನೂ ನೆನೆಯೋಣ. ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ 'ರೊಟ್ಟಿಯ ಮನೆ' ಎಂದರ್ಥ. ಅದನ್ನೇ ಅರಬ್ಬಿಯಲ್ಲಿ 'ಬೈತ್ ಲಹಮ್' ಎಂದರೆ 'ಮಾಂಸದ ಮನೆ' ಎಂದಾಗುತ್ತದೆ. ಜೀವದ ರೊಟ್ಟಿಯಾಗಿ ತಮ್ಮ ಮಾಂಸವನ್ನೇ ಕೊಟ್ಟ ಪ್ರಭು ಹುಟ್ಟಿದ ಊರಿಗೆ ಎರಡೂ ಹೆಸರು ಒಪ್ಪುತ್ತವೆ. ಆ ಊರಿನ ಕ್ರೈಸ್ತ ಕುಟುಂಬಗಳಲ್ಲಿ ಅನೇಕವು ಯಾತ್ರಿಕರನ್ನು ನಂಬಿ ಬದುಕುತ್ತವೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಯಾತ್ರಿಕರು ಬರುವುದು ಬಹುತೇಕ ನಿಂತು ಹೋಟೆಲು, ಅಂಗಡಿಗಳು ಬಾಗಿಲು ಹಾಕಿದವು. 2023 ಮತ್ತು 2024ರ ಕ್ರಿಸ್ಮಸ್‌ಗಳು ಅಲ್ಲಿ ಬೀದಿ ಸಂಭ್ರಮವಿಲ್ಲದೆ ಕಳೆದವು. ಹೊರಡುವ ಮುಂಚೆ ಪರಿಸ್ಥಿತಿಯನ್ನೂ ಸರ್ಕಾರದ ಸೂಚನೆಯನ್ನೂ ತಪ್ಪದೆ ವಿಚಾರಿಸಿ. ಹೋಗುವ ಭಾಗ್ಯ ಸಿಕ್ಕಿದರೆ ಅಲ್ಲಿಯವರ ಅಂಗಡಿಯಲ್ಲಿ ಕುಳಿತು ಅವರು ಸುಟ್ಟ ರೊಟ್ಟಿಯನ್ನು ತಿನ್ನಿ. ಎಲ್ಲ ಊಟವನ್ನೂ ಊರಿನಿಂದಲೇ ಕಟ್ಟಿಕೊಂಡು ಹೋದರೆ ಕಲ್ಲಿನ ದೇವಾಲಯಗಳನ್ನು ನೋಡಿ ಬರಬಹುದು, ಜೀವಂತ ಸಭೆಯನ್ನು ಮುಟ್ಟದೆ ಬಂದಂತಾಗುತ್ತದೆ.

ಪ್ರತಿ ಬಲಿಪೂಜೆಯಲ್ಲೂ ನಾವು ಪರರ ಮನೆಯ ಮೇಜಿಗೆ ಕೈಚಾಚುತ್ತೇವೆ. ಅಡುಗೆ ನಮ್ಮದಲ್ಲ, ಆಯ್ಕೆ ನಮ್ಮದಲ್ಲ. ಕೊಟ್ಟದ್ದನ್ನು 'ಆಮೆನ್' ಎಂದು ಸ್ವೀಕರಿಸುತ್ತೇವೆ. ಅಲ್ಲಿ ಕಲಿತ ಆ 'ಆಮೆನ್' ದೂರದೇಶದ ಊಟದ ಮೇಜಿನಲ್ಲೂ ನಮ್ಮ ತುಟಿಯ ಮೇಲಿರಲಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಗೆ ಬಂದ ಅತಿಥಿ ಊಟವನ್ನು ಬಿಟ್ಟಾಗ ನಮಗೆ ಏನನ್ನಿಸುತ್ತದೆ?

2. ನಾನು ಇದುವರೆಗೆ 'ಬೇಡ' ಎಂದ ಆಹಾರಗಳು ಮೂರರಲ್ಲಿ ಯಾವ ಗುಂಪಿಗೆ ಸೇರಿವೆ?

3. ನೆರೆಮನೆಯ ಹಿಂದೂ ಅಥವಾ ಮುಸ್ಲಿಂ ಬಂಧುಗಳ ಊಟದ ನಿಯಮಗಳನ್ನು ನಮ್ಮ ಮಕ್ಕಳಿಗೆ ಗೌರವದಿಂದ ತಿಳಿಸಿದ್ದೇವೆಯೇ?